ಎಡಗೈಯ ಸಹಿ

ಫೆಡರಲ್ ಜಿಲ್ಲಾ ನ್ಯಾಯಾಲಯದ ಗುಮಾಸ್ತರಾದ ಶ್ರೀಮತಿ ಹ್ಯಾಲೊರನ್ ಅವರಿಗೆ,

ಮಾನ್ಯರೇ,

ಜೈಲಿನ ಅಧಿಕಾರಿಗಳ ವಿರುದ್ಧ ನನ್ನ ನಾಗರಿಕ ಹಕ್ಕುಗಳ ದಾವೆ ವಜಾ ಆಗಿದೆ. ನನ್ನ ವಕೀಲರು ಅಂದೇ ಪ್ರಕರಣ ಕೈಬಿಟ್ಟರು. ಮೇಲ್ಮನವಿಯನ್ನು ಲಗತ್ತಿಸಿದ್ದೇನೆ. ನಾನು ಹೇಳಿದ್ದನ್ನು ಕೋಣೆಯ ಜೊತೆಗಾರ ಎಮ್ಮಿಟ್ ಬರೆಯುತ್ತಿದ್ದಾನೆ.

ಲಾಂಡ್ರಿಯ ಯಂತ್ರಕ್ಕೆ ಸಿಕ್ಕಿ ನನ್ನ ಬಲಗೈ ಮುರಿದಾಗ ಹನ್ನೊಂದು ದಿನ ಅಧಿಕಾರಿಗಳು ನನ್ನನ್ನು ವೈದ್ಯರಿಗೆ ತೋರಿಸಲಿಲ್ಲ. ದಾವೆ ಅದರ ಬಗ್ಗೆಯೇ. ನಿಯಮದಂತೆ ಕೋರ್ಟಿಗೆ ಹೋಗುವ ಮೊದಲು ಜೈಲಿನಲ್ಲೇ ದೂರು ಕೊಡಬೇಕು, ಅದೂ ಐದು ದಿನದೊಳಗೆ, ಕೈದಿಯ ಸ್ವಂತ ಅಕ್ಷರದಲ್ಲಿ. ನಾನು ಎಡಗೈಯಲ್ಲಿ ಗೀಚಿ ಕೊಟ್ಟ ದೂರನ್ನು ಜೈಲಿನ ಸಾರ್ಜೆಂಟ್ ಹಿಂದಿರುಗಿಸಿದರು.

"ಇದನ್ನ ಯಾರು ಓದ್ತಾರೆ, ಗೇನ್ಸ್?"

"ಬಲಗೈ ಮುರಿದಿದೆ ಸರ್."

"ಹಾಗಾದ್ರೆ ವಾಸಿಯಾದ್ಮೇಲೆ ಬರಿ, ಯಾರು ಬೇಡ ಅಂದ್ರು?"

ಕೈ ಇನ್ನೂ ವಾಸಿಯಾಗಿಲ್ಲ. ನಾನು ಗಡುವಿನೊಳಗೆ ದೂರನ್ನೇ ಕೊಟ್ಟಿಲ್ಲವೆಂದು ನ್ಯಾಯಾಧೀಶರು ಬರೆದಿದ್ದಾರೆ.

ಹೋದ ವಾರ ಕಳಿಸಿದ ಮೇಲ್ಮನವಿಗೆ ಎಮ್ಮಿಟ್ ನನ್ನ ಹೆಸರಿನಲ್ಲಿ ತಾನೇ ಸಹಿ ಹಾಕಿದ್ದ. "ಅವ್ರೇನು ಭೂತಗನ್ನಡಿ ಹಿಡ್ಕೊಂಡು ಕೂತಿರ್ತಾರಾ, ಅಣ್ಣ?" ಅಂದಿದ್ದ. ಸಹಿ ಬರೆದುಕೊಟ್ಟವನ ಅಕ್ಷರದಲ್ಲೇ ಇದೆ, ಮೇಲ್ಮನವಿ ಸಲ್ಲಿಸುವವನೇ ಸಹಿ ಮಾಡಬೇಕೆಂದು ನೀವು ಅದನ್ನು ವಾಪಸ್ ಕಳಿಸಿದಿರಿ. ತಪ್ಪು ನಮ್ಮದೇ. ದಯವಿಟ್ಟು ಅವನ ಮೇಲೆ ಕ್ರಮ ಬೇಡ, ಮಾರ್ಚ್‌ನಲ್ಲಿ ಅವನ ಪೆರೋಲ್ ವಿಚಾರಣೆ ಇದೆ.

ಮೇಲ್ಮನವಿಯ ಗಡುವು ಬರುವ ಗುರುವಾರ ಮುಗಿಯುತ್ತದೆ. ಈ ಸಲದ ಸಹಿ ನನ್ನದೇ, ಎಡಗೈಯಲ್ಲಿ ಹಾಕಿದ್ದು. ಮೂರು ಹಾಳೆ ಕೆಡಿಸಿದ ಮೇಲೆ ಇಷ್ಟಾದರೂ ಬಂತು. ಓದಲು ಆಗದಿದ್ದರೂ ಅದನ್ನು ಸಹಿ ಎಂದೇ ಸ್ವೀಕರಿಸಿ. ಇನ್ನೊಮ್ಮೆ ವಾಪಸ್ ಬಂದರೆ, ಮತ್ತೆ ನಿಮ್ಮನ್ನು ಮುಟ್ಟುವಷ್ಟರಲ್ಲಿ ಗುರುವಾರ ಕಳೆದಿರುತ್ತದೆ.

ನಿಮ್ಮ ತಾಳ್ಮೆಯನ್ನು ನಂಬಿರುವ,
ವರ್ಡೆಲ್ ಗೇನ್ಸ್
ಕೈದಿ ಸಂಖ್ಯೆ 40718