ಸೂಜಿ ಚುಚ್ಚಿದ ನಕ್ಷತ್ರ

ತಾರಾಲಯದ ಹಿಂದಿನ ಕೋಣೆ
ನವೆಂಬರ್ ೧೨, ಗುರುವಾರ, ಮಧ್ಯಾಹ್ನ

ನನ್ನ ಸೂಜಿ,

ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮೂರು ವರ್ಷದಿಂದ ನೀನು ಈ ಅಪ್ಪನ ಫೋನ್ ಎತ್ತಿಲ್ಲ. ಪತ್ರವಾದರೆ ರಿಂಗಾಗಿ ರಿಂಗಾಗಿ ನಿಂತುಹೋಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿದ ಮೇಲೆ ಹರಿದು ಹಾಕು.

ವಿಷಯ ಇಷ್ಟೇ. ಬರುವ ಭಾನುವಾರ ಸಂಜೆ ನಾಲ್ಕರದ್ದು ನಮ್ಮ ಹಳೆಯ ಯಂತ್ರದ ಕೊನೆಯ ಪ್ರದರ್ಶನ. ಸೋಮವಾರದಿಂದ ಕಂಪ್ಯೂಟರಿನ ಹೊಸ ಯಂತ್ರ. ಅದಕ್ಕೆ ನಾನು ಬೇಕಿಲ್ಲ. ವಿವರಣೆಯನ್ನು ಯಾರದೋ ಜೇನಿನಂಥ ದನಿಯಲ್ಲಿ ಮೊದಲೇ ತುಂಬಿಸಿಟ್ಟಿದ್ದಾರೆ. ನನ್ನದು ತುಕ್ಕು ಹಿಡಿದ ಗೇಟಿನ ಗಂಟಲು ಎಂದು ನಿನ್ನ ಅಮ್ಮ ಮದುವೆಯಾದ ವಾರದಿಂದಲೇ ಹೇಳುತ್ತಿದ್ದಳು, ಮೇಲಿನವರಿಗೆ ಈಗ ಜ್ಞಾನೋದಯವಾಗಿದೆ. ನನ್ನನ್ನು ಟಿಕೆಟ್ ಕಿಟಕಿಗೆ ಕೂರಿಸುತ್ತಾರಂತೆ.

ಆ ಪ್ರದರ್ಶನಕ್ಕೆ ನೀನು ಬರಬೇಕು. ಯಂತ್ರದಲ್ಲಿ ನಿನ್ನದೊಂದು ಗುರುತಿದೆ, ಅದನ್ನು ಇನ್ನು ಮೂರೇ ದಿನ ನೋಡಬಹುದು.

ನಿನಗೆ ಆಗ ಏಳು ವರ್ಷ. ಗುಮ್ಮಟದ ಅಂಚಿಗೆ ಕಪ್ಪು ಬಟ್ಟೆ ಹೊಲಿದು ಕಟ್ಟುವ ಕೆಲಸ ಬಂದಿತ್ತು. ಬೇರೆ ಟೈಲರ್ ಯಾಕೆ, ಮನೆಯಲ್ಲೇ ಒಬ್ಬಳಿದ್ದಾಳೆ ಎಂದು ನಿನ್ನ ಅಮ್ಮನನ್ನೇ ಕರೆದುಕೊಂಡು ಬಂದಿದ್ದೆ. ಬಾಲದಂತೆ ನೀನೂ ಬಂದೆ. ಬಲ್ಬು ಬದಲಿಸಲೆಂದು ನಕ್ಷತ್ರದ ಗೋಳವನ್ನು ಕೆಳಗಿಳಿಸಿ ಬೆಂಚಿನ ಮೇಲಿಟ್ಟಿದ್ದೆ. ನಿನಗೆ ನೆನಪಿರಬೇಕು, ಕಾಗದದಷ್ಟು ತೆಳುವಾದ ತಗಡು, ಮೈತುಂಬ ಸಾವಿರಾರು ಸಣ್ಣ ತೂತು, ಒಳಗಿನ ಬೆಳಕು ಅವುಗಳಲ್ಲಿ ಹಾದು ಗುಮ್ಮಟಕ್ಕೆ ಬಿದ್ದರೆ ಒಂದೊಂದು ತೂತೂ ಒಂದೊಂದು ನಕ್ಷತ್ರ. ನಾನು ಬಲ್ಬು ತರಲು ಹೋಗಿ ಬರುವಷ್ಟರಲ್ಲಿ ನೀನು ಅಮ್ಮನ ಸೂಜಿ ಹಿಡಿದು ನಿಂತಿದ್ದೆ. "ಅಪ್ಪಾ, ಇಲ್ಲಿ ಖಾಲಿ ಇತ್ತು. ಒಂದು ಹಾಕ್ದೆ" ಎಂದೆ.

ನಾನು ಕೂಗಿದ ಕೂಗಿಗೆ ನೀನು ಸಂಜೆಯವರೆಗೆ ಬಾಯಿ ಬಿಡಲಿಲ್ಲ. ಅಂದಿನಿಂದ ಮನೆಯಲ್ಲಿ ನಿನ್ನ ಹೆಸರು ಸೂಜಿ ಆಯಿತು. ಮಾರನೆಯ ದಿನ ತೂತಿಗೆ ಬೆಸುಗೆ ಹಾಕಿ ಮುಚ್ಚಿದೆ ಎಂದು ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಮುಚ್ಚಲು ಹೋದದ್ದು ನಿಜ. ಮುಚ್ಚುವ ಮೊದಲು ಒಂದು ಸಲ ನೋಡೋಣವೆಂದು ದೀಪ ಹಾಕಿದೆ. ದಕ್ಷಿಣದ ಖಾಲಿ ಮೂಲೆಯಲ್ಲಿ, ಸ್ವಲ್ಪ ಸೊಟ್ಟಗೆ, ನಿನ್ನ ನಕ್ಷತ್ರ ಕೂತಿತ್ತು. ನನ್ನ ಕೈ ಏಳಲಿಲ್ಲ. ಹತ್ತೊಂಬತ್ತು ವರ್ಷದಿಂದ ಅದು ಅಲ್ಲೇ ಇದೆ.

ಇಷ್ಟು ವರ್ಷದಲ್ಲಿ ಪತ್ತೆ ಹಚ್ಚಿದವರು ಒಬ್ಬರೇ. ಹಡಗಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಅಜ್ಜ ಪ್ರದರ್ಶನ ಮುಗಿದ ಮೇಲೆ ಸೀದಾ ನನ್ನ ಹತ್ತಿರ ಬಂದು, "ನಿಮ್ಮ ಆಕಾಶದಲ್ಲಿ ಒಂದು ಜಾಸ್ತಿ ಇದೆಯಲ್ಲ ಸ್ವಾಮಿ" ಎಂದರು. "ಅದು ನಮ್ಮ ಮಗಳು ಹಾಕಿದ್ದು" ಎಂದುಬಿಟ್ಟೆ. ಅವರು "ಹಾಗಾದ್ರೆ ಇರ್ಲಿ ಬಿಡಿ, ಜಾಗಕ್ಕೇನು ಬರ" ಎಂದು ಟೋಪಿ ಹಾಕಿಕೊಂಡು ಹೋದರು.

ಪ್ರದರ್ಶನದ ಕೊನೆಗೆ ನಾನು ಹೇಳುವ ವಾಕ್ಯ ನಿನಗೆ ಬಾಯಿಪಾಠವಿತ್ತು: ಈ ಅಪಾರ ವಿಶ್ವದಲ್ಲಿ ಮನುಷ್ಯ ಒಂದು ಧೂಳಿನ ಕಣ ಮಾತ್ರ. ಊಟದ ತಟ್ಟೆಯ ಮುಂದೆ ಕೂತು ನನ್ನ ದನಿಯಲ್ಲೇ ಅದನ್ನು ಹೇಳಿ ಅಮ್ಮನನ್ನು ನಗಿಸುತ್ತಿದ್ದೆ. ಆ ವಾಕ್ಯವನ್ನು ಬರೆದವರು ಯಾರೋ, ಅವರು ಒಂದು ದಿನವೂ ಗೋಳ ಒರೆಸಿದವರಲ್ಲ. ನಾನು ದಿನಾ ಬೆಳಿಗ್ಗೆ ಬಣ್ಣದ ಕುಂಚ ಹಿಡಿದು ಧೂಳು ತೆಗೆಯುತ್ತೇನೆ. ಒಂದು ಕಣ ತೂತಿನ ಮೇಲೆ ಕೂತರೆ ಸಾಕು, ಒಂದು ನಕ್ಷತ್ರ ಇಡೀ ದಿನ ಮಾಯ. ನಾವು ಧೂಳು ಎನ್ನುವುದು ನಿಜವೇ ಇರಬಹುದು, ನಾನೇನು ವಿಜ್ಞಾನಿಯಲ್ಲ. ಆದರೆ ಧೂಳು ಅಂದರೆ ಏನೂ ಅಲ್ಲ ಎಂದು ಮಾತ್ರ ನನಗೆ ಯಾರೂ ಹೇಳಬೇಡಿ. ನಿನ್ನ ಅಮ್ಮ ಹೋದ ಮೇಲೆ ಆ ವಾಕ್ಯವನ್ನು ಹೇಳುವುದನ್ನೇ ಬಿಟ್ಟಿದ್ದೇನೆ.

ಅವಳು ಕೊನೆಯ ಸಲ ಇಲ್ಲಿಗೆ ಬಂದದ್ದು ಹೋಗುವ ಹನ್ನೊಂದು ದಿನ ಮೊದಲು. ಗಾಲಿಕುರ್ಚಿಯಲ್ಲಿ ಕೂರಿಸಿ ತಂದೆ. ಆಕಾಶ ತಿರುಗಿದರೆ ಅವಳಿಗೆ ತಲೆ ಸುತ್ತುತ್ತಿತ್ತಲ್ಲ, ಯಾವಾಗಲೂ ಬಾಗಿಲ ಪಕ್ಕದಲ್ಲೇ ಕೂರುತ್ತಿದ್ದಳು. ಆ ದಿನ ನಡುವೆಯೇ ಕೂರಿಸು ಎಂದಳು. ನಾನು ಗೋಳವನ್ನು ತಿರುಗಿಸಿ ನಿನ್ನ ನಕ್ಷತ್ರವನ್ನು ಅವಳ ನೆತ್ತಿಯ ಮೇಲೆ ತಂದು ನಿಲ್ಲಿಸಿದೆ. ಅಷ್ಟು ದೊಡ್ಡ ಆಕಾಶದಲ್ಲಿ ಬೇರೆ ಒಂದನ್ನೂ ಅವಳು ನೋಡಲಿಲ್ಲ. ಆಮೇಲೆ ಏನೋ ಹೇಳಿದಳು, ಫ್ಯಾನಿನ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ.

ನಿನ್ನ ಸಿಟ್ಟು ನನಗೆ ಗೊತ್ತು. ಅಮ್ಮನ ಕಾಯಿಲೆಯನ್ನು ನಿನ್ನಿಂದ ಮುಚ್ಚಿಟ್ಟೆವು. ಫೋನ್ ಮಾಡಿದಾಗಲೆಲ್ಲ ಸ್ವಲ್ಪ ಜ್ವರ ಅಷ್ಟೇ ಎಂದೆವು. ಕೊನೆಯ ವರ್ಷದ ಪರೀಕ್ಷೆ ಮುಗಿಯಲಿ, ಹುಡುಗಿಯ ಓದು ಹಾಳಾಗಬಾರದು ಎಂದು ನಾವಿಬ್ಬರೂ ಸೇರಿ ಮಾಡಿದ ತೀರ್ಮಾನ ಅದು ಎಂದು ಆಗಲೂ ಹೇಳಿದೆ. ನೀನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಅಮ್ಮಂಗೂ ನಾನು ಬೇಡವಾಗಿದ್ನಾ?" ಎಂದು ಕೇಳಿದೆ. ನಾನು ನಿನ್ನ ಚೀಲ ಎತ್ತಿ ಆಟೋದಲ್ಲಿಟ್ಟೆ.

ಈಗ ಕನ್ನಡಕದ ಅಂಗಡಿಯಲ್ಲಿ ಊರಿನವರ ಕಣ್ಣೆಲ್ಲ ನೋಡುತ್ತೀಯಂತೆ, ನಿನ್ನ ಗೆಳತಿ ಹೇಳಿದಳು. ಖುಷಿಯಾಯಿತು. ಭಾನುವಾರ ಬಾ. ನನ್ನ ಹತ್ತಿರ ಮಾತನಾಡಬೇಕೆಂದಿಲ್ಲ. ನಡುವಿನ ಸೀಟು ಖಾಲಿ ಇಟ್ಟಿರುತ್ತೇನೆ.

ನಿನ್ನ,
ತುಕ್ಕು ಗೇಟಿನ ಅಪ್ಪ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ದಿನ ಫ್ಯಾನು ಕೆಟ್ಟಿತ್ತು. ನಿನ್ನ ಅಮ್ಮ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಅವಳನ್ನ ಕರೆಸಿ. ಪರೀಕ್ಷೆ ಮುಂದಿನ ವರ್ಷಾನೂ ಬರುತ್ತೆ" ಎಂದಳು. ಮನೆಗೆ ಬಂದ ಮೇಲೂ ಎರಡು ಸಲ ಹೇಳಿದಳು. ನಾಳೆ ನಾಳೆ ಎಂದು ಮುಂದೂಡಿದವನು ನಾನೊಬ್ಬನೇ. ನಾವಿಬ್ಬರೂ ಸೇರಿ ಎಂದದ್ದು, ನಿನ್ನ ಸಿಟ್ಟನ್ನು ಒಬ್ಬನೇ ಹೊರಲಾರದೆ ಅರ್ಧ ಅವಳ ಮೇಲೆ ಹಾಕಿದ್ದು. ಇದನ್ನು ಓದಿದ ಮೇಲೆ ನೀನು ಬರಲಿಕ್ಕಿಲ್ಲ, ಗೊತ್ತು. ಆದರೂ ಬಾಗಿಲಲ್ಲಿ ನಿಂತು ನೀನು ಕೇಳಿದ್ದಕ್ಕೆ ಉತ್ತರ ಇದು: ಅವಳಿಗೆ ನೀನು ಬೇಕಾಗಿದ್ದೆ. ಕೊನೆಯ ದಿನದವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳು.