ಗೆರೆಯ ಒಳಗೋ ಹೊರಗೋ, ಗೋದುಬಾಯಿಯ ಗುಂಡಿಗೆ

ವಿಕಿರಣ ಚಿಕಿತ್ಸಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಎಡ ಸ್ತನದ ಹಿಂದೆ ಹೃದಯವಿರುತ್ತದೆ. ಇದನ್ನು ತಮಗೆ ತಿಳಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ದಾಂಡೇಲಿಯಲ್ಲಿ ನನ್ನ ಪಕ್ಕದ ಮನೆಯ ಗೋದುಬಾಯಿಗೆ ಐವತ್ತೊಂದು ವರ್ಷ. ಎಡ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿದೆ. ಸೋಮವಾರದಿಂದ ನಿಮ್ಮಲ್ಲಿ ಇಪ್ಪತ್ತೈದು ಸಲ ಕಿರಣ ಕೊಡಿಸಿಕೊಳ್ಳಬೇಕು. ಕಳೆದ ಬುಧವಾರ ಕಿರಣ ಬೀಳುವ ಜಾಗ ಗುರುತಿಸಲು ಅವರ ಎದೆಯ ಮೇಲೆ ನಿಮ್ಮವರು ಶಾಯಿಯಲ್ಲಿ ಗೆರೆ ಎಳೆದಾಗ ಜೊತೆಗೆ ನಾನಿದ್ದೆ. ಗೋದುಬಾಯಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗುವ ಮೊದಲು ಸೂಪಾ ಬಿಟ್ಟು ಬಂದವರು. ಗೆರೆ ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತು. ವೈದ್ಯರನ್ನೇ ಕೇಳಿದರು:

"ಸೂಪಾದಾಗ ಕಲ್ಲ ನೆಟ್ಟು ತೋರ್ಸಿದ್ರು ಸಾಹೇಬ್ರ, ಈ ಮನಿ ಮುಳುಗ್ತೈತಿ, ಆ ಮಾವಿನ ಗಿಡ ಉಳೀತೈತಿ ಅಂತ. ನೀವೂ ಹೇಳ್ರಿ. ನನ್ನ ಗುಂಡಿಗಿ ಗೆರಿ ಒಳಗೈತೋ, ಹೊರಗೈತೋ?"

"ಒಂಚೂರು ಒಳಗ ಬರ್ತೈತಿ ಬಾಯಿ," ಎಂದರು ನಿಮ್ಮ ವೈದ್ಯರು. "ಅದರ ತ್ರಾಸು ಕಾಣೂದು ಹತ್ತು-ಹದಿನೈದು ವರ್ಷದ ಮ್ಯಾಲೆ. ಈಗ್ಯಾಕ ಚಿಂತಿ?"

"ಆಗ ನನಗ ಅರವತ್ತಾರು. ಅಷ್ಟೊತ್ತಿಗೆ ನಾ ಇರಂಗಿಲ್ಲ ಅಂತ ತಿಳ್ಕೊಂಡೀರೇನು? ಮೊನ್ನೆ ಪೂರಾ ಆರಾಮ ಆಗ್ತೀರಿ ಅಂದವ್ರು ನೀವ ಅಲ್ರಿ?"

ವೈದ್ಯರು ಗೋಡೆಯ ಗಡಿಯಾರ ನೋಡಿದರು.

ಆ ಗಡಿಯಾರದ ಕೆಳಗೆ ನಿಮ್ಮದೇ ಫಲಕವಿದೆ. ಆಳವಾಗಿ ಉಸಿರೆಳೆದು ಇಪ್ಪತ್ತು ಸೆಕೆಂಡು ಹಿಡಿದರೆ ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಆಗ ಮಾತ್ರ ಕಿರಣ ಬಿಟ್ಟರೆ ಹೃದಯಕ್ಕೆ ತಗಲುವುದು ಬಹಳ ಕಡಿಮೆ ಎಂದು ಬಣ್ಣದ ಚಿತ್ರಗಳೊಡನೆ ಬರೆದಿದೆ. ಇದನ್ನು ಯಾರಿಗೆ ಮಾಡುತ್ತೀರಿ ಎಂದು ಕೇಳಿದೆ. ತಂತ್ರಜ್ಞರು ಹೇಳಿದರು: "ನಿಮ್ಮ ಕಡಿ ಹೆಣ್ಮಕ್ಕಳಿಗೆ ಉಸಿರು ಹಿಡ್ಯಾಕ ಬರಂಗಿಲ್ರಿ. ಒಬ್ಬೊಬ್ರಿಗೆ ಹತ್ತು ನಿಮಿಷ ಜಾಸ್ತಿ ಬೇಕು. ಹೊರಗ ಪಾಳಿ ನೋಡ್ರಿ."

ದಾಂಡೇಲಿಯವರಿಗೆ ಉಸಿರು ಹಿಡಿಯಲು ಬರುವುದಿಲ್ಲವೇ? ಗಾಳಿ ತಿರುಗಿ ಕಾರ್ಖಾನೆಯಲ್ಲಿ ಕಾಗದ ಬೇಯುವ ವಾಸನೆ ಬಂದಾಗಲೆಲ್ಲ ನಾವು ಉಸಿರು ಹಿಡಿದೇ ಓಣಿ ದಾಟುತ್ತೇವೆ. ಗೋದುಬಾಯಿ ಮಲಗಿದಲ್ಲಿಯೇ ಉಸಿರೆಳೆದು ಹಿಡಿದರು. ಅದೇ ಗಡಿಯಾರ ನೋಡಿ ತಂತ್ರಜ್ಞರು ಎಣಿಸಿದರು. ಮೂವತ್ನಾಲ್ಕಕ್ಕೆ ಗಾಬರಿಯಾದವರು ಅವರೇ: "ಬಿಡ್ರಿ ಬಾಯಿ, ಬಿಡ್ರಿ!"

ಮರುದಿನ ತಮಗೆ ಬರೆದೆ. "ಹೃದಯದ ವಿಷಯವು ಹೃದ್ರೋಗ ವಿಭಾಗಕ್ಕೆ ಸಂಬಂಧಿಸಿದ್ದು" ಎಂದು ಒಂದೇ ಸಾಲಿನ ಉತ್ತರ ಬಂತು. ಹತ್ತಾರು ದೇಶಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದಿದ್ದೇನೆ. ಅಲ್ಲಿಯ ಜನ ಹೃದಯವನ್ನು ಕೊಡುತ್ತಾರೆ, ಕಳೆದುಕೊಳ್ಳುತ್ತಾರೆ, ಒಡೆದುಕೊಳ್ಳುತ್ತಾರೆ. ಅದನ್ನು ಬೇರೆ ವಿಭಾಗಕ್ಕೆ ಕಳಿಸಿದವರನ್ನು ಮಾತ್ರ ಮೊದಲ ಸಲ ಓದಿದೆ. ಆ ವಿಭಾಗದಲ್ಲೂ ವಿಚಾರಿಸಿದೆ. ರೋಗ ಬಂದ ಮೇಲೆ ಬರಲು ಹೇಳಿದರು.

ಚಿಕಿತ್ಸೆ ಬೇಡವೆಂದು ನಾವು ಹೇಳುತ್ತಿಲ್ಲ. ಗೋದುಬಾಯಿ ಬರುತ್ತಿರುವುದೇ ಬದುಕಲು. ಸೋಮವಾರ ಕಿರಣ ಬಿಡುವ ಮೊದಲು ಉಸಿರು ಹಿಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಹೃದಯ ಎಲ್ಲಿ, ಗೆರೆ ಎಲ್ಲಿ ಎಂದು ಅವರಿಗೇ ತೆರೆಯ ಮೇಲೆ ತೋರಿಸಿ. ಆ ಕ್ರಮ ಅವರ ದೇಹಕ್ಕೆ ಹೊಂದದಿದ್ದರೆ ಕಾರಣವನ್ನು ಬರೆದು ಕೊಡಿ. ಹೊರಗೆ ಪಾಳಿಯಲ್ಲಿ ಕೂತ ಹಳಿಯಾಳ, ಜೋಯಿಡಾ, ಮುಂಡಗೋಡದ ಹೆಂಗಸರನ್ನೂ ಒಮ್ಮೆ ಕೇಳಿ ನೋಡಿ: ಉಸಿರು ಹಿಡಿಯಲು ಬರುತ್ತದೆಯೇ ಎಂದು.

ಬೆಳಿಗ್ಗೆ ಎಂಟಕ್ಕೆ ನಿಮ್ಮ ಬಾಗಿಲಲ್ಲಿರುತ್ತೇವೆ. ಮೂವತ್ನಾಲ್ಕು ಸೆಕೆಂಡು ಗೋದುಬಾಯಿ ತರುತ್ತಾರೆ. ಹತ್ತು ನಿಮಿಷ ನೀವು ತನ್ನಿ.

ಇಂತಿ,
ಅರವತ್ತಾರರ ಗೋದುಬಾಯಿಯೂ ತನ್ನ ಪಕ್ಕದ ಮನೆಯಲ್ಲೇ ಇರಬೇಕೆಂದು ಹಟ ಹಿಡಿದಿರುವ ನೆರೆಯವಳು
ದಾಂಡೇಲಿ, ಫೆಬ್ರುವರಿ 2009