ಹೇಳಿಕೊಟ್ಟ ಉತ್ತರಗಳು

ಅಕ್ಕಾವರಿಗೆ, ನಿಮ್ಮ ತಾಯಿಯನ್ನು ನೋಡಿಕೊಳ್ಳುವ ಆಯಾ ಮಾಡುವ ನಮಸ್ಕಾರಗಳು.

ಅಮ್ಮನ ನೆನಪು ಚೆನ್ನಾಗಿದೆ ಎಂದು ವರದಿ ಬಂದಾಗಲೆಲ್ಲ ನೀವು ಫೋನಿನಲ್ಲಿ ಸಂತೋಷಪಡುತ್ತೀರಿ. ಆ ವರದಿ ಸುಳ್ಳು. ಸುಳ್ಳು ಮಾಡಿಸಿದವಳು ನಾನು.

ಪಕ್ಕದ ಯೂನಿವರ್ಸಿಟಿಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಈ ಹಿರಿಯರ ವಸತಿಗೆ ಬಂದು ನೆನಪಿನ ಪರೀಕ್ಷೆ ಮಾಡುತ್ತಾರೆ. ಇವತ್ತು ಯಾವ ವಾರ, ಇದು ಎಷ್ಟನೇ ಮಹಡಿ ಎಂದೆಲ್ಲ ಕೇಳುತ್ತಾರೆ. ತಪ್ಪಿದವರನ್ನು ಇಲ್ಲಿನ ಆಫೀಸಿನವರು ಬೀಗ ಹಾಕುವ ಮೇಲಿನ ಮಹಡಿಗೆ ಕಳಿಸುತ್ತಾರೆ. "ನನ್ನ ಅಲ್ಲಿಗೆ ಕಳಿಸಬೇಡ ಕಣೇ" ಎಂದು ಅಮ್ಮ ಕೈ ಹಿಡಿದುಕೊಂಡರು. ಅಂದಿನಿಂದ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತಾ ಬಂದೆ. "ಅದೇ ಯೂನಿವರ್ಸಿಟೀಲಿ ಮೂವತ್ತು ವರ್ಷ ಕಾಪಿ ಹೊಡೆಯೋರನ್ನ ಹಿಡಿದೋಳು ನಾನು. ಈಗ ನೋಡೇ ನನ್ನ ಗತಿ!" ಎಂದು ನಗುತ್ತಿದ್ದರು.

ನಿನ್ನೆ ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಮ್ಮ ಒದ್ದೆ ಟವೆಲನ್ನು ಕಾದ ಕರೆಂಟ್ ಒಲೆಯ ಮೇಲೆ ಒಣಗಲು ಹರಡಿದ್ದರು. ಅದರ ಒಂದು ಅಂಚು ಒಣಗಿ ಹೊತ್ತಿಕೊಂಡಿತ್ತು. ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ದೇವರು ದೊಡ್ಡವನು, ಕೈ ಸುಡಲಿಲ್ಲ. ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಇಲ್ಲಿ ಒಲೆ ಕೊಡುತ್ತಾರೆ, ಅಕ್ಕಾ. ಸಂಜೆ ನಾನು ಮನೆಗೆ ಹೋದ ಮೇಲೆ ಅವರು ಒಬ್ಬರೇ. ನಿನ್ನೆ ಒಲೆಯ ವೈರನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಹೋದೆ. ಆದರೂ ಕಣ್ಣು ಮುಚ್ಚಲಾಗಲಿಲ್ಲ.

ಆಫೀಸಿನಲ್ಲಿ ಹೇಳಿ ನನ್ನ ಕೆಲಸ ತೆಗೆಸಿದರೂ ಸರಿ. ಆದರೆ ಮಂಗಳವಾರ ಹತ್ತು ಗಂಟೆಗೆ ಮತ್ತೆ ಪರೀಕ್ಷೆ ಇದೆ, ನೀವು ಬರಲೇಬೇಕು. ಅಮ್ಮನ ಪಕ್ಕದಲ್ಲಿ ನೀವು ಕೂರಿ, ನನ್ನನ್ನು ಹೊರಗೆ ಕಳಿಸಿ. ಉತ್ತರ ಗೊತ್ತಾಗದೆ ಅವರು ನನ್ನ ಮುಖ ನೋಡಿದರೆ, ನಾನು ಹೇಳಿಕೊಟ್ಟುಬಿಡುತ್ತೇನೆ.

ಇಂತಿ,
ಅಮ್ಮನ ಆಯಾ